ಕಂಪ್ಯೂಟರ್ ಕೊಟ್ಟ ಅಪ್ಪಣೆ

“ಮಾವಾರ, ಅದು ನನಗ ಹೇಳಿದ್ದಲ್ರೀ. ಅದು ಯಾರಿಗೂ ಹೇಳಿದ್ದಲ್ಲ!”

“ನಿನಗಲ್ಲಂದ್ರ ಮತ್ಯಾರಿಗೆ? ‘ಮನೆಯಲ್ಲೇ ಕುಳಿತು ಕಪಾಟು ಜೋಡಿಸಿ’ ಅಂತ ಬಂದೈತಿ. ಕಾಳಿನ ವ್ಯಾಪಾರ ಬಿಟ್ಟು ನಾ ಕಪಾಟು ಜೋಡಸ್ಲೇನು?”

ಮಹಾಂತಯ್ಯನವರು ಕಂಪ್ಯೂಟರಿನ ಕಪ್ಪು ಪರದೆಯತ್ತ ಬೆರಳು ಚಾಚಿದರು. ಸೊಸೆ ಸೌಮ್ಯಾಗೆ ತಾನೇ ಹಾಲು ಹಾಕಿ ಸಾಕಿದ ಬೆಕ್ಕು ಪರಚಿದಂತಾಯಿತು. ಹುಬ್ಬಳ್ಳಿಯ ದೇಶಪಾಂಡೆ ನಗರದ ಕಂಪ್ಯೂಟರ್ ಕ್ಲಾಸಿಗೆ ಧಾರವಾಡದಿಂದ ಆರು ತಿಂಗಳು ಓಡಾಡಿ, ಕೊನೆಯ ಪರೀಕ್ಷೆಗೆಂದು ಅವಳೇ ಬರೆದ ಪ್ರೋಗ್ರಾಮ್ ಅದು. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಬೇಕಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಏನ್ ಮಾಡ್ಲಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಫೋನ್ ಲೈನು ಕಿರುಗುಟ್ಟುತ್ತದೆ. ಕ್ಲಾಸಿನ ಸರ್ ಇಂಟರ್‌ನೆಟ್ಟಿನಲ್ಲಿ ಹಾಕಿಟ್ಟ ಇನ್ನೂರು ಕೆಲಸಗಳಲ್ಲಿ ಯಾವುದೋ ಒಂದನ್ನು ಎತ್ತಿ ತರುತ್ತದೆ. ತಂದದ್ದನ್ನು ಫೈಲಿನಲ್ಲಿ ಬರೆದಿಡುತ್ತದೆ. ಹೊತ್ತು ಹೋಗದವರಿಗೊಂದು ಉಪಾಯ, ಅಷ್ಟೇ.

ಸರ್ ಮೆಚ್ಚಿ, ಸೋಮವಾರದಿಂದ ನೀವೇ ಬಂದು ಕಲಿಸಿ ಎಂದಿದ್ದರು. ಇವತ್ತು ಹನ್ನೊಂದರೊಳಗೆ ಹೋಗಿ ಒಪ್ಪಿಗೆ ಹೇಳಬೇಕು. ಗಂಡ ಬಸವಪ್ರಭು “ಅಪ್ಪಾರು ಹೂಂ ಅಂದ್ರ ನಂದೂ ಹೂಂ” ಎಂದು ಜಾರಿಕೊಂಡು ಕೆಲಸಕ್ಕೆ ತಾರಿಹಾಳಕ್ಕೆ ಹೋಗಿಬಿಟ್ಟಿದ್ದ. ಅಪ್ಪಾರೋ, ಅಪ್ಪಣೆ ಕೇಳದೆ ಏನೂ ಮಾಡುವವರಲ್ಲ. ಮದುವೆಯಿರಲಿ, ಮನೆ ಕಟ್ಟುವುದಿರಲಿ, ಮಠದ ಗದ್ದುಗೆಗೆ ಹಸಿ ಹೂ ಅಂಟಿಸಿ ಕೂಡುವರು. ಬಲಕ್ಕೆ ಬಿದ್ದರೆ ಮುಂದುವರಿ, ಎಡಕ್ಕೆ ಬಿದ್ದರೆ ಬಿಡು. ಈ ಸಲ ಮಾತ್ರ ಮಠದ ತನಕ ಹೋಗದೆ, ಸೊಸೆಯ ಕಂಪ್ಯೂಟರನ್ನೇ ಕೇಳಿಬಿಟ್ಟಿದ್ದರು.

“ಅದಕ್ಕ ಮನಸ್ಸಿಲ್ರೀ ಮಾವಾರ. ಕಣ್ಣು ಮುಚ್ಚಿ ಚೀಟಿ ಎತ್ತಿದಂಗ ಎತ್ತತೈತಿ.”

“ಹೂವಿಗೆ ಕಣ್ಣು ಐತೇನು?”

“ಹೂವಿನ ಹಿಂದ ಮಠದ ಅಜ್ಜಾರು ಅದಾರ್ರೀ. ಇದರ ಹಿಂದ ಬರೇ ನಾ ಅದೇನಿ!”

“ನೀ ಅದೀ ಅಂತನ ನನಗ ನಂಬಿಗಿ. ಈಗ ನೀನ ಅದನ್ನ ಸುಳ್ಳು ಅಂತೀ. ಸುಳ್ಳು ಪ್ರೋಗ್ರಾಮ್ ಬರಿಯಾಕಿ ಮಂದಿಗೆ ಏನು ಕಲಸ್ತಿ?”

ಅಷ್ಟರಲ್ಲಿ ಅತ್ತೆ ಚನ್ನಬಸವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು.

“ರೀ, ಅಮ್ಮಿನಬಾವಿಯಿಂದ ನಮ್ಮಕ್ಕ ದೇವಕ್ಕ ಮುಂಜಾನಿಂದ ಫೋನ್ ಹಚ್ಚಾಕತ್ತಿದ್ಲಂತ. ಆರರಿಂದ ಏಳರ ತನಕ ಎಂಗೇಜಂತ. ಯಾರ ಜೋಡಿ ಅಷ್ಟು ಮಾತಾಡಿದ್ರಿ?”

ಸೌಮ್ಯಾಳ ಕಿವಿ ನಿಮಿರಿತು.

“ಒಂದ್ ಸಲ ಕೇಳಾಕ ಒಂದು ಮಿನಿಟ್ ಸಾಕಲ್ರೀ ಮಾವಾರ? ಎಷ್ಟ್ ಸಲ ಕೇಳಿದ್ರಿ?”

“ಒಂದ ಸಲ.”

“ಖರೇ?”

“ನಿನ್ನ ಕಂಪ್ಯೂಟರಿನ ಆಣಿಗೂ!”

ಸೌಮ್ಯಾ ಫೈಲು ತೆರೆದಳು. ಗಂಟೆ, ನಿಮಿಷದ ಸಮೇತ ಇಪ್ಪತ್ಮೂರು ಸಾಲು.

“ಅತ್ತ್ಯಾರ, ಕೇಳ್ರಿ. ಆರು ಗಂಟೆ ನಾಲ್ಕು ನಿಮಿಷ: ‘ನಿಮಗೆ ಗೊತ್ತಿರುವುದನ್ನು ಯಾರಿಗಾದರೂ ಕಲಿಸಿ.’ ಆರು ಐದು: ‘ಹೊಸ ದಾರಿಯಲ್ಲಿ ನಡೆದು ನೋಡಿ.’ ಆರು ಏಳು: ‘ಮನೆಯವರಿಗೆ ನೀವೇ ಚಹಾ ಮಾಡಿಕೊಡಿ.’”

“ಮಾಡಲಿಲ್ಲ” ಎಂದರು ಚನ್ನಬಸವ್ವ.

“ಇಪ್ಪತ್ತೆರಡು ಸಲ ಬ್ಯಾರೇನ ಬಂದೈತಿ. ಕಪಾಟು ಬರೂ ತನಕ ಕೇಳ್ಯಾರ!”

“ಬರದಿಡತೈತಿ ಅಂತ ನೀ ನನಗ ಹೇಳಿರಲಿಲ್ಲ” ಎಂದು ಮಹಾಂತಯ್ಯನವರು ಗೊಣಗಿದರು. “ಹೂವು ಹಿಂಗ ಚಾಡಿ ಹೇಳೂದಿಲ್ಲ.”

“ಮೊದಲ ಬಂದದ್ದ ಖರೇ ಅಪ್ಪಣಿ. ಹೌದಲ್ರೀ ಅತ್ತ್ಯಾರ?”

“ಮತ್ತ! ಮೊದಲನೇದ ಖರೇ.”

ಮಹಾಂತಯ್ಯನವರು ಕುರ್ಚಿಗೆ ಒರಗಿದರು. ಹೆಂಡತಿಯತ್ತ ತಿರುಗಿದ ಅವರ ಮೀಸೆಯಡಿ ನಗೆ ಮೂಡಿತು.

“ಹಂಗಾರ ಕೇಳು. ನಿನ್ನ ನೋಡಿ ಬಂದ ಮರುದಿನ ನಮ್ಮಪ್ಪ ಅಪ್ಪಣಿ ತಗೊಂಡು ಬಾ ಅಂತ ಕಳಿಸಿದ್ದ. ಮೊದಲನೇ ಹೂವು ಎಡಕ್ಕ ಬಿತ್ತು.”

“ಎರಡನೇದು?”

“ಅದೂ ಎಡಕ್ಕ. ಬಲಕ್ಕ ಬಿದ್ದದ್ದು ಏಳನೇದು. ಪೂಜಾರಿ ಬ್ಯಾಸತ್ತು ಊಟಕ್ಕ ಹೋಗಿದ್ದ. ಈಗ ಹೇಳು, ಮೊದಲನೇದು ಖರೇ ಏನು?”

ಸೌಮ್ಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೊದಲನೆಯದು ಖರೆಯಾದರೆ ಅತ್ತೆ ಈ ಮನೆಯವರೇ ಅಲ್ಲ. ಕೊನೆಯದು ಖರೆಯಾದರೆ ತನ್ನ ಕೆಲಸ ಹೋಯಿತು. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಆ ಕೆಲಸ ಅವಳಿಗೆ ಬೇಕಾಗಿತ್ತು. ಬೇರೆ ಯಾವುದನ್ನೂ ಅವಳು ಇಷ್ಟು ಬಯಸಿದ್ದಿಲ್ಲ.

“ಏಳು ಸಲ?” ಚನ್ನಬಸವ್ವನವರ ಮುಖ ಕೆಂಪೇರಿತು. ಅದು ಸಿಟ್ಟಿನ ಕೆಂಪಲ್ಲ.

“ಏಳು.”

“ಅಂದ್ರ ಆವತ್ತು ನಿಮಗ ನಾ ಬೇಕಾಗಿದ್ದೆ. ನಿಮ್ಮಪ್ಪನ ಮುಂದ ಬಾಯಿಬಿಟ್ಟು ಹೇಳೂ ಧೈರ್ಯ ಇರಲಿಲ್ಲ, ಹೂವಿನ ಕಡೆಯಿಂದ ಹೇಳಿಸಿದ್ರಿ. ಇವತ್ತು ಸೊಸಿಗೆ ಬ್ಯಾಡ ಅನ್ನೂ ಧೈರ್ಯ ಇಲ್ಲ, ಕಂಪ್ಯೂಟರಿನ ಕಡೆಯಿಂದ ಹೇಳಸಾಕತ್ತೀರಿ. ಸೌಮ್ಯಾ, ಅದನ್ನ ಬಂದ್ ಮಾಡು.”

ಪರದೆ ಆರಿತು.

“ಹೂಂ, ಈಗ ಆಕಿ ಮಾರಿ ನೋಡಿ, ನಿಮ್ಮ ಬಾಯಿಲೆ ಬ್ಯಾಡ ಅನ್ರಿ.”

ಮಹಾಂತಯ್ಯನವರು ಸೊಸೆಯ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು. ಟೊಪ್ಪಿಗೆ ತೆಗೆದರು, ಹಾಕಿಕೊಂಡರು.

“ಹುಬ್ಬಳ್ಳಿ ಬಸ್ಸು ಎಷ್ಟಕ್ಕ ಐತಿ?” ಎಂದರು.

ಐದೈದು ನಿಮಿಷಕ್ಕೂ ಬಸ್ಸು ಓಡುವ ಹಾದಿ ಅದು. ಉತ್ತರ ಕೊಡಲು ಸೌಮ್ಯಾ ಅಲ್ಲಿ ಇದ್ದರೆ ತಾನೇ? ಚಪ್ಪಲಿ ಮೆಟ್ಟಿ ಆಗಲೇ ಅಂಗಳ ದಾಟಿದ್ದಳು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

“ಮೂರನೇ ಸಾಲಿನ ಅಪ್ಪಣಿ ಹಂಗ ಉಳದೈತಿ, ಏಳ್ರಿ. ಸಕ್ಕರಿ, ಚಹಾಪುಡಿ ಕಪಾಟಿನ್ಯಾಗ ಅದಾವ. ಹುಡುಕೂ ಮುಂದ ಅದನ್ನೂ ಜೋಡಿಸಿಬಿಡ್ರಿ.”