ಒಲೆಯಣ್ಣ ಮುಂಬಾಗಿಲಿನಿಂದ ಊಟಕ್ಕೆ ಹೋದದ್ದು

ಎಲ್ಲ ಶುರುವಾದದ್ದು ಹೋಟೆಲುಗಳ ಒಲೆ ರಿಪೇರಿ ಮಾಡುವ ಒಲೆಯಣ್ಣನ ಐದು ವರ್ಷದ ಮಗಳ ಬಾಯಿಂದ. ಬೆಳಿಗ್ಗೆ ಮಹಡಿ ಅಕ್ಕನ ಮನೆಗೆ ಆಡಲು ಹೋಗಿದ್ದಳು. ಅಕ್ಕ ಮಾತಿಗೆ ಮಾತೆಂದು, "ನಿಮ್ಮಮ್ಮ ತಿಂಡಿ ತಿಂದ್ಲೇನೇ?" ಎಂದು ಕೇಳಿದಳು. ಮಗಳು ಆಟದ ಸಾಮಾನಿನಿಂದ ತಲೆ ಎತ್ತದೆ, "ನಮ್ಮಮ್ಮ ತಿನ್ನೋದೇ ಇಲ್ಲ. ನಾನು ನೋಡೇ ಇಲ್ಲ," ಎಂದುಬಿಟ್ಟಳು.

ಒಂಬತ್ತು ಗಂಟೆಯ ಹೊತ್ತಿಗೆ ಆ ಮಾತು ಮೂರು ಮಹಡಿಗಳ ಮೆಟ್ಟಿಲು ಇಳಿದು, ಇಳಿಯುವಾಗ ಮೈಕೈ ತುಂಬಿಕೊಂಡು, ಕೆಳಮನೆಯ ಬಾಗಿಲಿಗೆ ಬಂದು ನಿಂತಿತ್ತು. ಅದನ್ನು ಹೊತ್ತು ತಂದವರು ಎದುರು ಮನೆಯ ಪಿಂಚಣಿ ಮಾವ. ಕಚೇರಿ ಬಿಟ್ಟು ಹತ್ತು ವರ್ಷವಾದರೂ ಬೇರೆಯವರ ಅರ್ಜಿ ವಿಚಾರಿಸುವ ಚಟ ಅವರನ್ನು ಬಿಟ್ಟಿರಲಿಲ್ಲ.

"ಏನಯ್ಯಾ ಒಲೆಯಣ್ಣ, ಕಟ್ಕೊಂಡೋಳಿಗೆ ಊಟ ಹಾಕಲ್ವಂತೆ?"

ವಾರಕ್ಕೊಂದು ರಜೆಯ ದಿನ, ಬನಿಯನ್ನಿನಲ್ಲಿ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಒಲೆಯಣ್ಣನಿಗೆ ಗಂಟಲಲ್ಲೇ ಚಹಾ ನಿಂತಿತು. "ಯಾರು ಮಾವ ಹಾಗಂದಿದ್ದು?"

"ಯಾರು ಅಂತ ಹೇಳ್ಲಿ? ಬಿಲ್ಡಿಂಗಿಗೆ ಬಿಲ್ಡಿಂಗೇ ಅಂತಿದೆ. ಹೊಟ್ಟೇಲಿ ಹುಣ್ಣಂತೆ, ಡಾಕ್ಟ್ರಿಗೆ ತೋರ್ಸಿಲ್ವಂತೆ. ಮೇಲ್ಗಡೆ ಟೈಲರು, ಆಕೆ ತವರಿಗೆ ಹೋಗ್ತಾಳೆ ಅಂತಾನೆ."

ಒಲೆಯಣ್ಣ ಒಳಗೆ ನುಗ್ಗಿದ. ಹೆಂಡತಿ ನಲ್ಲಿಯ ಕೆಳಗೆ, ನಿನ್ನೆ ಅವನು ಹೋಟೆಲುಗಳಿಂದ ತಂದ ಬರ್ನರುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ತೂತಿಗೂ ಪಿನ್ನು ಚುಚ್ಚಿ ಮಸಿ ತೆಗೆಯುತ್ತಿದ್ದಳು. ಒಂದೂವರೆ ವರ್ಷದ ಪಾಪು ಅವಳ ಬೆನ್ನಿಗೆ ಜಿಗಣೆಯ ಹಾಗೆ ಅಂಟಿಕೊಂಡಿತ್ತು.

"ನೋಡೇ, ನಿನ್ನ ಮಗಳು ಏನಂದಿದಾಳೆ!"

"ಕೇಳಿಸ್ತು. ತಪ್ಪೇನಂದ್ಲು? ನೀವು ಯಾವತ್ತಾದ್ರೂ ನಾನು ಊಟ ಮಾಡೋದು ನೋಡಿದೀರಾ?"

ಒಲೆಯಣ್ಣ ಎಂಟು ವರ್ಷದ ಸಂಸಾರವನ್ನು ತಲೆಯೊಳಗೇ ತಡಕಾಡಿದ. "ಮದುವೆ ದಿನ ನೋಡಿದ್ದೆ," ಎಂದ ಕೊನೆಗೆ.

"ಅವತ್ತೂ ಎರಡನೇ ತುತ್ತಿಗೆ ಫೋಟೋದವನು ಎಬ್ಬಿಸಿದ."

ನಿಜವೇನೆಂದರೆ ಅವಳ ಊಟಕ್ಕೊಂದು ಹೊತ್ತಿರಲಿಲ್ಲ, ಜಾಗವಿರಲಿಲ್ಲ, ಬಿಸಿಯಂತೂ ಇರಲೇ ಇಲ್ಲ. ಪಾಪು ಮಲಗಿದಾಗ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತೇ ಬಾಯಿಗೆ ಹಾಕಿಕೊಂಡು ಪಾತ್ರೆ ತೊಳೆದಿಡುವುದಕ್ಕೆ ಅವಳು ಊಟ ಎನ್ನುತ್ತಿದ್ದಳು. ಬಡಾವಣೆಯ ಅರ್ಧ ಹೊಟ್ಟೆಗಳು ತುಂಬುವುದು ತನ್ನ ಗಂಡ ರಿಪೇರಿ ಮಾಡಿದ ಒಲೆಗಳಿಂದ, ಅವನು ರಿಪೇರಿ ಮಾಡುವುದು ತಾನು ಉಜ್ಜಿಕೊಟ್ಟ ಬರ್ನರುಗಳಿಂದ ಎಂಬುದು ಅವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಒಲೆಯಣ್ಣನಿಗಾದರೂ ಹೋಟೆಲುಗಳ ಹಿಂಬಾಗಿಲು ಗೊತ್ತಿತ್ತೇ ಹೊರತು ಮುಂಬಾಗಿಲು ಎಳೆಯಬೇಕೋ ತಳ್ಳಬೇಕೋ ತಿಳಿಯದು.

"ಇವತ್ತು ಹೋಟೆಲಿಗೆ ಹೋಗೋಣ," ಎಂದ. "ನೀನು ಕೂತು, ಬೇರೆಯವರು ಮಾಡಿದ್ದನ್ನ, ಬಿಸಿಬಿಸಿಯಾಗಿ ತಿನ್ನಬೇಕು. ನಾನು ನೋಡಬೇಕು."

ಅವಳು ಪಿನ್ನು ಕೆಳಗಿಟ್ಟಳು. "ಬರ್ತೀನಿ. ಆದ್ರೆ ಮುಂಬಾಗಿಲಿಂದ ಹೋಗಬೇಕು. ಯಾರು ಕರೆದ್ರೂ ನೀವು ಟೇಬಲ್ ಬಿಟ್ಟು ಏಳಬಾರದು."

"ನಾನ್ಯಾಕೆ ಏಳ್ಲಿ? ಇವತ್ತು ನಾನು ಗಿರಾಕಿ!"

ಹನ್ನೆರಡೂವರೆಗೆ ಹೊರಟರು. ಒಲೆಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ, ಉಗುರಿನ ಸಂದಿಯ ಮಸಿಯನ್ನು ಹಳೆಯ ಬ್ರಷ್ಷಿನಿಂದ ಉಜ್ಜಿಕೊಂಡಿದ್ದ. ಮೆಟ್ಟಿಲ ಮೇಲೆ ಪಿಂಚಣಿ ಮಾವ ಕಾದಿದ್ದರು. "ಮೂಲೆ ಹೋಟೆಲಿಗೇ ಹೋಗಿ. ಫೋನ್ ಮಾಡಿ ಹೇಳಿಬಿಟ್ಟಿದೀನಿ, ನಮ್ಮ ಒಲೆಯಣ್ಣ ಬರ್ತಿದಾನೆ, ಚೆನ್ನಾಗಿ ನೋಡ್ಕೊಳ್ಳಿ ಅಂತ."

ಅಯ್ಯೋ ಎನ್ನುವಷ್ಟು ಬುದ್ಧಿ ಒಲೆಯಣ್ಣನಿಗೆ ಆಗ ಹೊಳೆಯಲಿಲ್ಲ.

ಮೂಲೆ ಹೋಟೆಲಿನ ಮಾಲೀಕ ಬಾಗಿಲಲ್ಲೇ ನಿಂತು ಕೈ ಹಿಡಿದು ಕರೆದುಕೊಂಡು ಹೋದ. ಕಿಟಕಿ ಪಕ್ಕದ ಟೇಬಲ್ಲು ಕೊಟ್ಟ. ನೀರು ತರಿಸಿದ. ಪಾಪುವಿನ ಕೆನ್ನೆ ಹಿಂಡಿ ಅಳಿಸಿದ. ಒಲೆಯಣ್ಣ ಹೆಂಡತಿಯ ಕಡೆ, ನೋಡಿದೆಯಾ ನನ್ನ ಮರ್ಯಾದೆ ಎಂಬಂತೆ ಹುಬ್ಬು ಹಾರಿಸಿದ.

"ಏನು ಕೊಡ್ಲಿ ಅಕ್ಕ? ಏನ್ ಬೇಕಾದ್ರೂ ಹೇಳಿ," ಎಂದ ಮಾಲೀಕ. ಆಮೇಲೆ ಬಾಗಿ, ಗುಟ್ಟು ಹೇಳುವವನ ಹಾಗೆ, "ಒಲೆಯಣ್ಣ, ಹೇಗೂ ಬಂದಿದೀಯಲ್ಲ, ಎರಡನೇ ಒಲೆ ಬೆಳಿಗ್ಗೆಯಿಂದ ಮುನಿಸ್ಕೊಂಡಿದೆ. ಸುಮ್ನೆ ಒಂದ್ಸಲ ಮುಖ ತೋರ್ಸು ಸಾಕು."

"ಇವತ್ತು ರಜೆ ಸ್ವಾಮಿ."

"ರಿಪೇರಿ ಮಾಡು ಅಂದ್ನಾ? ನೋಡು ಅಂದೆ. ನೋಡೋದಕ್ಕೂ ರಜೆನಾ? ನಿಮ್ಮ ಊಟಾನೂ ಅದ್ರ ಮೇಲೇ ಆಗ್ಬೇಕಪ್ಪಾ!"

ಒಲೆಯಣ್ಣ ಹೆಂಡತಿಯನ್ನು ನೋಡಿದ. ಅವಳು ಗೋಡೆಯನ್ನು ನೋಡಿದಳು. "ಎರಡೇ ನಿಮಿಷ," ಎಂದು ಎದ್ದ.

ಆ ಎರಡು ನಿಮಿಷ ಐವತ್ತು ನಿಮಿಷವಾಯಿತು. ಒಲೆ ಬಿಚ್ಚಿದ್ದರಿಂದ ಅಡುಗೆ ನಿಂತಿತು. ಅಡುಗೆ ನಿಂತಿದ್ದರಿಂದ ಬಾಗಿಲವರೆಗೂ ಜನ ನಿಂತರು. ಒಲೆ ಹತ್ತಿಕೊಂಡ ಮೇಲೆ ಮಾಲೀಕ, "ಮೊದಲು ಗಿರಾಕಿಗಳಿಗೆ ಕೊಟ್ಬಿಡ್ತೀನಿ, ನೀವು ಮನೆಯವರಲ್ವಾ," ಎಂದ. ಅಷ್ಟರಲ್ಲಿ ಪಾಪು ಉಪ್ಪಿನ ಡಬ್ಬಿಯನ್ನು ಪಕ್ಕದ ಟೇಬಲ್ಲಿನ ಮುದುಕರ ಸೂಪಿನೊಳಗೆ ಬೋರಲು ಹಾಕಿತ್ತು. ಮುದುಕರು ಬೈಯುತ್ತಿದ್ದರು. ಹೆಂಡತಿ ಚೀಲ ಹೆಗಲಿಗೇರಿಸಿ, ಎರಡೂ ಮಕ್ಕಳನ್ನು ಎಳೆದುಕೊಂಡು ಬೀದಿಗೆ ಇಳಿದಾಗಿತ್ತು.

ಒಲೆಯಣ್ಣ ಮಸಿ ಕೈಯನ್ನು ಅಂಗಿಯ ತುದಿಗೆ ಒರೆಸಿಕೊಳ್ಳುತ್ತಾ ಹಿಂದೆ ಓಡಿದ.

"ಇನ್ನು ಏಳಲ್ಲ ಕಣೇ. ಭೂಮಿ ಬಾಯಿ ಬಿಟ್ರೂ ಏಳಲ್ಲ. ಎದ್ರೆ ಆರು ತಿಂಗಳು ಮನೆ ಪಾತ್ರೆ ನಾನೇ ತೊಳೀತೀನಿ."

"ವರ್ಷ," ಎಂದಳು ಅವಳು.

"ಆಯ್ತು, ವರ್ಷ!"

ಎರಡನೆಯದು ಮಾರುಕಟ್ಟೆ ಹಿಂದಿನ ಹೋಟೆಲು. ಅಲ್ಲಿ ಒಲೆಯಣ್ಣ ದೊಡ್ಡ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು, ಗೋಡೆಗೆ ಒತ್ತಿಕೊಂಡು, ವಾರಂಟು ಹೊರಟ ಮನುಷ್ಯನ ಹಾಗೆ ಕೂತ. ಸಪ್ಲೈಯರ್ ಬಂದಾಗ ಕಾರ್ಡಿನ ಹಿಂದಿನಿಂದಲೇ ಮಾತಾಡಿದ. ಎಲ್ಲ ಸರಿಯಾಗುತ್ತಿತ್ತು. ಆದರೆ ಅಡುಗೆಮನೆಯ ಕಡೆಗೆ ಕಿವಿಗೊಟ್ಟ ಮಗಳು ಇಡೀ ಹೋಟೆಲಿಗೆ ಕೇಳುವಂತೆ, "ಅಪ್ಪಾ, ಆ ಒಲೆ ಬುಸ್ಸಂತಿದೆ. ಗಾಳಿ ಜಾಸ್ತಿ ಆಗಿದೆ ಅಲ್ವಾ?" ಎಂದಳು.

ಗಲ್ಲಾದ ಹಿಂದಿದ್ದ ಮಾಲೀಕ ಎದ್ದು ಬಂದು ಮೆನು ಕಾರ್ಡನ್ನು ಎರಡು ಬೆರಳಿಂದ ಕೆಳಗಿಳಿಸಿದ.

"ನೀನೇನೋ! ಇಲ್ಯಾಕೆ ಕೂತಿದೀಯ? ಹಿಂದ್ಗಡೆ ಕೆಲಸದವರ ಬೆಂಚಿದೆಯಲ್ಲ, ಅಲ್ಲಿ ಆರಾಮಾಗಿ ಕೂತ್ಕೊಳ್ರಪ್ಪ. ನೀನು ನಮ್ಮವನಲ್ವಾ? ಮುಂದ್ಗಡೆ ಜಾಗ ಗಿರಾಕಿಗಳಿಗೆ ಬೇಕು."

ಒಲೆಯಣ್ಣನ ಕಿವಿಯವರೆಗೂ ರಕ್ತ ಏರಿತು. ಆದರೂ ಏಳಬಾರದಲ್ಲ! ಕುರ್ಚಿಯ ಎರಡೂ ಅಂಚು ಹಿಡಿದು ಕೂತೇ ಇದ್ದ. ಮಾತಾಡಿದವಳು ಹೆಂಡತಿ.

"ನಮ್ಮವರು ಅಂದ್ರೆ ಹಿಂದಿನ ಬೆಂಚಾ? ಹಾಗಾದ್ರೆ ಈ ಮುಂದೆ ಕೂತಿರೋರೆಲ್ಲ ನಿಮಗೆ ಯಾರೂ ಅಲ್ವಾ?"

ಮುಂದೆ ಕೂತಿದ್ದವರು ಊಟ ನಿಲ್ಲಿಸಿ ಮಾಲೀಕನ ಮುಖ ನೋಡಿದರು. ಅವನು ನಾಲಿಗೆಯಿಂದ ತುಟಿ ಸವರಿಕೊಂಡ. "ಹಾಗಲ್ಲಮ್ಮಾ, ಬಟ್ಟೆಗೆ ಮಸಿ..."

"ನಿಮ್ಮಂಥ ಹೋಟೆಲುಗಳ ಒಲೆ ಮಸಿ ಅದು. ನಮ್ಮ ಮನೇದಲ್ಲ," ಎಂದು ಅವಳು ಎದ್ದಳು. "ಬನ್ನಿ ರೀ. ನಾನು ಹೇಳಿದ್ರೆ ಏಳಬಹುದು."

ಎರಡೂವರೆಯ ಬಿಸಿಲು. ಮಗಳು ಹಸಿವಿಗಿಂತ ಹೆಚ್ಚಾಗಿ ಕುತೂಹಲದಿಂದ, "ಅಪ್ಪಾ, ಹೋಟೆಲಲ್ಲಿ ಊಟ ಕೊಡಲ್ವಾ?" ಎಂದು ಕೇಳುತ್ತಿದ್ದಳು. ದಾರಿಯಲ್ಲಿ ಸಿಕ್ಕ ಟೈಲರು, "ಓಹೋ, ತವರಿಗೆ ಹೊರಟಿರಾ?" ಎಂದು ಚೀಲ ನೋಡಿ ವಿಚಾರಿಸಿದ. ಒಲೆಯಣ್ಣ ಹಲ್ಲು ಕಚ್ಚಿ ಮುಂದೆ ನಡೆದ.

ನಾಲ್ಕು ಬೀದಿ ದಾಟಿದ ಮೇಲೆ ಸಿಕ್ಕಿತು ಮೂರನೆಯದು. ತೆರೆದು ತಿಂಗಳೂ ಆಗಿಲ್ಲ. ಗಾಜಿನ ಬಾಗಿಲು, ಒಗೆದ ಟೇಬಲ್ ಬಟ್ಟೆ. ಗಲ್ಲಾದಲ್ಲಿದ್ದ ಯುವಕ ಮಾಲೀಕನಿಗೆ ಒಲೆಯಣ್ಣನ ಪರಿಚಯವೇ ಇಲ್ಲ. "ಬನ್ನಿ ಸಾರ್, ಬನ್ನಿ ಮೇಡಂ," ಎಂದ. ಆ 'ಸಾರ್' ಕೇಳಿ ಒಲೆಯಣ್ಣನ ಬೆನ್ನುಮೂಳೆ ಒಂದು ಅಂಗುಲ ಉದ್ದವಾಯಿತು. ಊಟ ಹೇಳಿಯಾಯಿತು. ಹೆಂಡತಿ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಕಾಲಿನ ಚಪ್ಪಲಿಯನ್ನೂ ಮೆಲ್ಲಗೆ ಬಿಟ್ಟಳು.

ಆಗ ಒಳಗೆ ಒಲೆ ಸತ್ತಿತು.

ಬೇರೆ ಯಾರಿಗೂ ಕೇಳಿಸಲಿಲ್ಲ. ಒಲೆಯಣ್ಣನಿಗೆ ಕೇಳಿಸಿತು: ಮೊದಲು ಎರಡು ಕೆಮ್ಮು, ಆಮೇಲೊಂದು ನಿಟ್ಟುಸಿರು, ಆಮೇಲೆ ಮೌನ. ಅವನ ಬಲಗಾಲು ತಾನಾಗಿ ಕುರ್ಚಿಯಿಂದ ಹೊರಗೆ ಬಂತು. ಹೆಂಡತಿ ಅವನ ಮಣಿಕಟ್ಟು ಹಿಡಿದಳು. "ಕೂತ್ಕೊಳ್ಳಿ."

"ಜೆಟ್ಟು, ಗ್ಯಾಸ್ ಬರೋ ತೂತು, ಕಟ್ಟಿದೆ. ಅಷ್ಟೇ. ಐದು ನಿಮಿಷದ ಕೆಲಸ."

"ಒಂದು ವರ್ಷದ ಪಾತ್ರೆ."

ಕಾಲು ಗಂಟೆ ಹೋಯಿತು. ಯುವಕ ಮಾಲೀಕ ಒಳಗೂ ಹೊರಗೂ ಓಡಾಡಿ, ಬೆವರಿ, ಯಾರಿಗೋ ಫೋನು ಮಾಡಿ ಒಂದು ನಂಬರು ಬರೆದುಕೊಂಡ. ಆ ನಂಬರು ಒತ್ತಿದ. ಒಲೆಯಣ್ಣನ ಜೇಬಿನ ಫೋನು ಗುರುಗುಟ್ಟತೊಡಗಿತು.

ಒಲೆಯಣ್ಣ ಜೇಬಿನೊಳಗೇ ಕೈ ತೂರಿಸಿ ಅದರ ಕತ್ತು ಹಿಸುಕಿದ.

"ಕಟ್ ಮಾಡ್ದ!" ಎಂದು ಯುವಕ ಅವರ ಟೇಬಲ್ಲಿನ ಪಕ್ಕದಲ್ಲೇ ನಿಂತು ಹಣೆ ಚಚ್ಚಿಕೊಂಡ. "ನೋಡಿ ಸಾರ್, ಈ ಮೆಕ್ಯಾನಿಕ್‌ಗಳ ಕೊಬ್ಬು! ಹೊಟ್ಟೆಗೆ ಅನ್ನ ತಿಂತಾರೋ ಇಲ್ವೋ ಅವ್ರು?"

"ಇನ್ನೂ ಇಲ್ಲ," ಎಂದ ಒಲೆಯಣ್ಣ.

"ಅಪ್ಪಾ, ನಿಂಗೇ ಬೈತಿದಾರೆ," ಎಂದಳು ಮಗಳು. ಅದೃಷ್ಟಕ್ಕೆ ಅಷ್ಟು ಹೊತ್ತಿಗೆ ಪಾಪು ಬಾಯಿ ತೆಗೆದು ಅಳಲು ಶುರುಮಾಡಿದ್ದರಿಂದ ಅದು ಯಾರಿಗೂ ಕೇಳಿಸಲಿಲ್ಲ.

ಸುತ್ತ ಗಿರಾಕಿಗಳು ಗೊಣಗುತ್ತಿದ್ದರು. ಇಬ್ಬರು ಎದ್ದು ಹೋದರು. ಒಲೆಯಣ್ಣನ ಹತ್ತು ಬೆರಳೂ ಮೇಜಿನ ಮೇಲೆ ಸ್ಪ್ಯಾನರು ಹುಡುಕುತ್ತಿದ್ದವು. ಹೆಂಡತಿ ಅವನನ್ನು ನೋಡಿದಳು, ಅಳುವ ಮಗುವನ್ನು ನೋಡಿದಳು, ಖಾಲಿ ತಟ್ಟೆಗಳನ್ನು ನೋಡಿದಳು. ಚಪ್ಪಲಿ ಮೆಟ್ಟಿಕೊಂಡಳು. ಪಾಪುವನ್ನು ಎತ್ತಿ ಗಂಡನ ತೊಡೆಯ ಮೇಲೆ ಕೂರಿಸಿದಳು.

"ಎಲ್ಲಿಗೇ?"

"ಏಳಲ್ಲ ಅಂದಿದ್ದು ನೀವು. ನಾನು ಎಲ್ಲಂದೆ?"

ತಲೆಯಿಂದ ಒಂದು ಪಿನ್ನು ಕಿತ್ತು ಕೈಯಲ್ಲಿ ಹಿಡಿದು ಅವಳು ಅಡುಗೆಮನೆಯೊಳಗೆ ಹೋದಳು. ಒಲೆಯಣ್ಣ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಒಳಗೆ ಯಾರೋ "ಅಮ್ಮಾ, ನೀವು ಇಲ್ಲಿ..." ಎಂದರು. ಅವಳು "ಸರೀರಿ ಅತ್ಲಾಗೆ," ಎಂದಳು. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು. ಒಂದು ನಿಮಿಷ. ಎರಡು. ಆಮೇಲೆ ದುಂಡಗೆ, ನಯವಾಗಿ, ಒಂದೇ ಉಸಿರಿಗೆ ಬೆಂಕಿ ಹತ್ತಿಕೊಂಡ ಶಬ್ದ. ಅಷ್ಟು ಶುದ್ಧವಾಗಿ ತಾನೂ ಎಂದೂ ಹತ್ತಿಸಿಲ್ಲ ಎಂದು ಒಲೆಯಣ್ಣನಿಗೆ ಒಳಗೊಳಗೇ ಅನ್ನಿಸಿತು. ಕೂಡಲೇ ಆ ಅನಿಸಿಕೆಯನ್ನು ಅದುಮಿದ. ಒಳಗಿನವರೆಲ್ಲ ಚಪ್ಪಾಳೆ ತಟ್ಟಿದರು.

ಅವಳು ಹೊರಗೆ ಬರುತ್ತಾಳೆಂದು ಕಾದ. ಬಂದದ್ದು ಊಟ. ಹಬೆಯಾಡುವ ತಟ್ಟೆಗಳನ್ನು ಸಪ್ಲೈಯರ್ ಜೋಡಿಸಿ ಹೋದ. ಪಾಪು ಮೊದಲ ತಟ್ಟೆಗೆ ಮುಷ್ಟಿ ಇಟ್ಟು ಚೀರಿತು. ಅದರ ಕೈ ಊದಿ, ತುತ್ತು ಆರಿಸಿ, ಬಾಯಿಗಿಟ್ಟರೆ ಉಗುಳಿತು. ಮಗಳಿಗೆ ಆಲೂಗಡ್ಡೆಯ ಸಿಪ್ಪೆ ಬೇಡ, ತೆಗೆದುಕೊಡಬೇಕು. ನೀರು ಬೇಕು. ನೀರು ಚೆಲ್ಲಿತು. ಒರೆಸುವಷ್ಟರಲ್ಲಿ ಪಾಪು ಚಮಚೆ ಕೆಳಗೆಸೆಯಿತು. ಹೆಂಡತಿಯನ್ನು ಕರೆಯೋಣವೆಂದರೆ ಏಳುವಂತಿಲ್ಲ. ಕೂಗೋಣವೆಂದರೆ ಬಾಯಲ್ಲಿ ಮಗಳು ಬೇಡವೆಂದ ಸಿಪ್ಪೆ. ಅವನ ತಟ್ಟೆಯ ಹಬೆ ತೆಳ್ಳಗಾಗುತ್ತಾ, ತೆಳ್ಳಗಾಗುತ್ತಾ ಕೊನೆಗೆ ನಿಂತೇ ಹೋಯಿತು.

ಅಡುಗೆಮನೆಯ ಬಾಗಿಲು ಅರ್ಧ ತೆರೆದಾಗ ಕಂಡಿತು. ಒಳಗೆ, ಫ್ಯಾನಿನ ಕೆಳಗೆ, ಸ್ಟೂಲಿನ ಮೇಲೆ ಅವಳು ಕಾಲು ನೀಡಿ ಕೂತಿದ್ದಳು. ಮುಂದೆ ತಟ್ಟೆ. ಅಡುಗೆಯವರು ಮೂವರೂ ತಮ್ಮ ತಟ್ಟೆ ಹಿಡಿದು ಸುತ್ತ ಕೂತಿದ್ದರು. ಅವರೂ ಬೆಳಿಗ್ಗೆಯಿಂದ ಉಂಡಿರಲಿಲ್ಲವಂತೆ. "ಅಕ್ಕಾ, ಇನ್ನೊಂಚೂರು. ಈಗ ತಾನೇ ಇಳಿಸಿದ್ದು," ಎಂದು ಒಬ್ಬ ಬಡಿಸಿದ. ಅವಳು ಬೇಡವೆನ್ನಲಿಲ್ಲ. ಏನೋ ತಮಾಷೆಗೆ ನಕ್ಕಳು. ಬಾಗಿಲು ಮುಚ್ಚಿಕೊಂಡಿತು.

ಅವಳು ಊಟ ಮಾಡುವುದನ್ನು ಒಲೆಯಣ್ಣ ನೋಡಿದ್ದು ಅಷ್ಟೇ ಹೊತ್ತು.

ಅರ್ಧ ಗಂಟೆಯ ಮೇಲೆ ಅವಳು ಬಂದಳು. ಕೆನ್ನೆ ಕೆಂಪಗಾಗಿತ್ತು. ಹಿಂದೆ ಯುವಕ ಮಾಲೀಕ, ಕೈ ಜೋಡಿಸಿಕೊಂಡು.

"ಬಿಸಿ ಇತ್ತಾ?" ಎಂದು ಒಲೆಯಣ್ಣ ಕೇಳಿದ. ಅವನ ಅಂಗಿಯ ಮೇಲೆ ಆ ಹೋಟೆಲಿನ ಮೆನು ಪೂರ್ತಿ ಇತ್ತು.

"ನಾಲಿಗೆ ಸುಟ್ಕೊಂಡೆ," ಎಂದಳು ಅವಳು ಸಂತೋಷದಿಂದ. "ನೀವ್ಯಾಕೆ ತಿಂದಿಲ್ಲ?"

ಯುವಕ ನಡುವೆ ಬಾಯಿ ಹಾಕಿದ. "ಅಕ್ಕಾ, ಹಾಗಾದ್ರೆ ಮಾತು ಪಕ್ಕಾ. ವಾರಕ್ಕೊಂದ್ಸಲ ಬಂದು ನಮ್ಮ ಒಲೆ ನೋಡ್ಬೇಕು. ಇದೇ ದಿನ, ಇದೇ ಹೊತ್ತಿಗೆ. ಊಟ ನಮ್ಮಲ್ಲೇ. ಆ ಫೋನ್ ಕಟ್ ಮಾಡೋ ಮೆಕ್ಯಾನಿಕ್ ಸಹವಾಸ ನಮಗೆ ಬೇಡವೇ ಬೇಡ."

"ಇದೇ ದಿನಾನಾ?" ಒಲೆಯಣ್ಣನ ಧ್ವನಿ ಕೀರಲಾಯಿತು. "ಅದು ನನ್ನ ರಜೆ ದಿನ!"

"ಅದಕ್ಕೇ ಆ ದಿನ ಒಪ್ಕೊಂಡೆ," ಎಂದಳು ಅವಳು, ಅವನ ತಟ್ಟೆಯಲ್ಲಿ ತಣ್ಣಗಾಗಿದ್ದ ಆಲೂಗಡ್ಡೆಯನ್ನು ಬೆರಳಿಂದ ಮುಟ್ಟಿ ನೋಡುತ್ತಾ.

ಯುವಕ ಈಗ ಒಲೆಯಣ್ಣನ ಕಡೆ ಮರ್ಯಾದೆಯಿಂದ ತಿರುಗಿದ. "ಸಾರ್ ಏನ್ ಕೆಲಸ ಮಾಡ್ಕೊಂಡಿದಾರೆ ಅಕ್ಕಾ?"

"ಇವರಾ?" ಎಂದಳು ಅವಳು. "ಮುಂದಿನ ವಾರದಿಂದ ಮಕ್ಕಳನ್ನ ನೋಡ್ಕೋತಾರೆ."