ದಾವಲ್‌ಸಾಬರ ಡೈನಮೋ

ಎಲ್ಲದಕ್ಕೂ ಕಾರಣ ಒಂದು ಕೋಳಿ. ಮಸ್ಕಿಯಲ್ಲಿ ಜಮೀಲಾಬೀಯವರ ಅಂಗಳದಲ್ಲಿ ನಿಂತಿದ್ದ ಕೆಂಪು ವಿಲಾಯತಿ ಕಾರಿನ ಸೀಟಿನ ಮೇಲೆ ಅದು ಮೊಟ್ಟೆ ಇಟ್ಟು, ಓಣಿಗೆಲ್ಲ ಕೇಳುವ ಹಾಗೆ ಸಾರಿತು.

ಎರಡೇ ಸೀಟಿನ, ತಲೆಯ ಮೇಲೆ ತಗಡಿಲ್ಲದ ಕಾರು ಅದು. ಹಟ್ಟಿಯ ಗಣಿಯಲ್ಲಿದ್ದ ಒಬ್ಬ ಸಾಹೇಬರು ಎಪ್ಪತ್ತೈದನೇ ಇಸವಿಯಲ್ಲಿ ಊರು ಬಿಡುವಾಗ, ಗಾಡಿಗಳ ಕರೆಂಟಿನ ಕೆಲಸ ಮಾಡುತ್ತಿದ್ದ ದಾವಲ್‌ಸಾಬರಿಗೆ ಪ್ರೀತಿಯಿಂದ ಕೊಟ್ಟುಹೋಗಿದ್ದರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಿದ್ದರು. "ಇದರಾಗ ನಿನ್ನ ಲಿಂಗಸುಗೂರಿಗೆ, ನಿಮ್ಮ ಅಕ್ಕನ ಬಾಗಿಲಿಗೇ ಒಯ್ದು ಇಳಸ್ತೀನಿ" ಎಂದು ದಾವಲ್‌ಸಾಬರು ಅಂದೇ ಹೆಂಡತಿ ಜಮೀಲಾಬೀಗೆ ಮಾತು ಕೊಟ್ಟರು. ಆಮೇಲೆ ಹದಿನೈದು ವರ್ಷ, ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಇಂಜಿನ್ ಚಾಲೂ ಮಾಡುವರು. ಮೀಟರಿನ ಮುಳ್ಳು ನೋಡುವರು. "ಡೈನಮೋ ಚಾರ್ಜ್ ಮಾಡವಲ್ದು, ಹಾದ್ಯಾಗ ನಿಂತುಬಿಡ್ತದ" ಎಂದು ಬಂದ್ ಮಾಡುವರು. ಮುಳ್ಳು ಏಳಲೇ ಇಲ್ಲ. ಹೋದ ವರ್ಷ ದಾವಲ್‌ಸಾಬರು ತೀರಿಕೊಂಡರು.

ಈಗ ಹಳೆಯ ಕಾರು ಕೂಡಿಡುವ ಹೈದರಾಬಾದಿನವರೊಬ್ಬರು ಅದನ್ನು ಕೊಂಡಿದ್ದರು. ಆ ದಿನ ಸಂಜೆ ಆರಕ್ಕೆ ಒಯ್ಯಲು ಲಾರಿ ಬರುವುದಿತ್ತು.

ಜಮೀಲಾಬೀ ಬಿಸಿ ಮೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಪಂಪಣ್ಣನ ಅಂಗಡಿಗೆ ಬಂದರು. ಪಂಪಣ್ಣ ದಾವಲ್‌ಸಾಬರ ಒಬ್ಬನೇ ಶಿಷ್ಯ.

"ಪಂಪಣ್ಣ, ಕೋಳಿ ಸೈತ ಆ ಸೀಟಿನಾಗ ಕುಂತು ಎದ್ದು ಹೋತು. ನಾ ಇನ್ನಾ ಕುಂತಿಲ್ಲ. ಲಾರಿ ಬರೋದ್ರಾಗ ಒಮ್ಮೆ ಲಿಂಗಸುಗೂರಿಗೆ ಹೋಗಿ ಬರ್ತೀನಿ. ಅಕ್ಕಗ ಹೇಳಿ ಕಳಿಸೀನಿ, ಬಾಗಿಲಾಗ ಕುಂತಿರ್ತಾಳ. ಗಾಡಿ ಹೊಡಿಲಿಕ್ಕೆ ಯಂಕೋಬ ಒಪ್ಪ್ಯಾನ."

"ಉಸ್ತಾದರ ಕೈಲೇ ಆಗಲಾರದ್ದು ನನ್ನ ಕೈಲೆ ಆಗ್ತದೇನಮ್ಮಾ?"

"ನೀ ಬಿಚ್ಚಿ ನೋಡು ಮಗಾ. ಬಿಚ್ಚಿದರ ನಿನಗ ತಿಳೀತದ."

ಪಕ್ಕದಲ್ಲೇ ಕನಕಮ್ಮನ ಚಹಾದಂಗಡಿ. ಅಲ್ಲಿ ಮಿರ್ಚಿ ತಿನ್ನುತ್ತ ಕುಳಿತಿದ್ದ ಅಕ್ಕಿ ಗಿರಣಿಯ ಅಮರಗುಂಡಪ್ಪನ ಕಿವಿಗೆ ಇದು ಬಿತ್ತು. "ಪಂಪಣ್ಣ, ಅದನ್ನ ಎಬ್ಬಿಸಿಬಿಟ್ರ ನಮ್ಮ ಗಿರಣಿ ಮೋಟರೆಲ್ಲಾ ಇನ್ನ ನಿಂದೇ ನೋಡು. ಇಲ್ಲಂದ್ರ ಸಿಂಧನೂರಿನವನಿಗೇ ಕೊಡ್ತೀನಿ," ಎಂದ. ವಾರಕ್ಕೊಂದು ಹಾರನ್ ರಿಪೇರಿಯಲ್ಲಿ ದಿನ ದೂಡುತ್ತಿದ್ದ ಪಂಪಣ್ಣ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅವರ ಅಂಗಳಕ್ಕೆ ನಡೆದ.

ಡೈನಮೋ ಬಿಚ್ಚುವುದಕ್ಕೇ ಮಧ್ಯಾಹ್ನವಾಯಿತು. ಸಾಹೇಬರು ಬಿಟ್ಟುಹೋದ ಪುಸ್ತಕದಲ್ಲಿ ಅದರ ಹೆಸರು ಆಲ್ಟರ್ನೇಟರ್. ಮಸ್ಕಿಯ ಬಾಯಿಗೆ ಅದು ಡೈನಮೋ. ತುಕ್ಕು ಹಿಡಿದ ಕೆಳಗಿನ ಬೋಲ್ಟು, ಮದುವೆಗೆ ಕರೆಯದ ಬೀಗರ ಹಾಗೆ ಬಿಗಿದುಕೊಂಡು ಕುಳಿತಿತ್ತು.

"ಸೀಮೆಎಣ್ಣಿ ಹಾಕಲೇ," ಎಂದ ಓಣಿಯ ಲಾರಿ ಡ್ರೈವರ್ ಯಂಕೋಬ.

"ಹಾಕೀನಿ," ಎಂದ ಪಂಪಣ್ಣ.

"ಹಂಗಾರ ಕಾಸಿ ಹೊಡಿ."

"ಕಾಸಿ ಹೊಡದ್ರ ಪೆಟ್ರೋಲಿಗೆ ಬೆಂಕಿ ಹತ್ತತದ. ನಾನೂ ನೀನೂ ಕೂಡೇ ಉಸ್ತಾದರನ್ನ ನೋಡಾಕ ಹೋಗಬೇಕಾಗ್ತದ!"

ಪಾನಾ ಜಾರಿ ಪಂಪಣ್ಣನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಕನಕಮ್ಮ ಅರಿಶಿಣ ತಂದು ತಾನೇ ಹಚ್ಚಿದಳು. ಹಚ್ಚುತ್ತಲೇ ಬಾಯಿಯನ್ನೂ ಬಿಟ್ಟಳು. "ಖರೇ ಹೇಳ್ರಿ ಜಮೀಲಾಬೀ, ನಿಮ್ಮ ಯಜಮಾನ್ರು ಗಾಡಿ ಹೊಡದದ್ದು ನಾವಂತೂ ಒಂದಿನಾ ನೋಡ್ಲಿಲ್ಲ."

"ಹೈದರಾಬಾದಿನಾಗ ಹೊಡದಾರ. ಅವಾಗ ನೀ ಹುಟ್ಟಿದ್ದಿಲ್ಲ," ಎಂದರು ಜಮೀಲಾಬೀ. ತಲೆ ಎತ್ತಿ, ಒಂದೊಂದೇ ಮಾತನ್ನು ತೂಗಿದ ಹಾಗೆ ಹೇಳಿದರು.

ಕಡೆಗೂ ಡೈನಮೋ ಹೊರಗೆ ಬಂತು. ಪಂಪಣ್ಣ ಅಂಗಡಿಗೆ ಒಯ್ದು ಒಳಗೆ ಮೇಜಿನ ಮೇಲಿಟ್ಟು ಎರಡು ಹೋಳು ಮಾಡಿದ. ಬೇರಿಂಗ್ ಒಣಗಿ ಗೊರಕೆ ಹೊಡೆಯುತ್ತಿತ್ತು. ಕರೆಂಟು ದಾಟಿಸುವ ಇದ್ದಿಲ ಬ್ರಷ್‌ನ ಬಾಯಿಂದ ಕಪ್ಪಾದ ರಟ್ಟಿನ ಚೂರೊಂದು ಉದುರಿತು. ಇಲಿಯ ಕೆಲಸ ಇರಬೇಕೆಂದು ಅದನ್ನು ಬದಿಗೆ ಸರಿಸಿದ. ಬೇಕಾದೀತೆಂದು ಮೊದಲೇ ಊಹಿಸಿ ಬೆಳಗಿನ ಬಸ್ಸಿಗೆ ಚೀಟಿ ಕೊಟ್ಟು ಕಳಿಸಿದ್ದರಿಂದ, ಸಿಂಧನೂರಿನಿಂದ ಹೊಸ ಬೇರಿಂಗು, ಬ್ರಷ್‌ಗಳನ್ನು ಕಂಡಕ್ಟರ್ ತನ್ನ ಟಿಕೆಟ್ ಚೀಲದಲ್ಲೇ ಹಾಕಿಕೊಂಡು ತಂದ. "ದಾವಲ್‌ಸಾಬರ ಗಾಡಿಗಲ್ಲೇನು? ಬಸ್ಸು ಕೆಟ್ಟು ನಿಂತಾಗೊಮ್ಮೆ ಅವರು ನನಗ ಊಟಾ ಹಾಕಿದ್ರು," ಎಂದು, ಒಂದು ನಿಮಿಷ ಬಸ್ಸು ನಿಲ್ಲಿಸಿಕೊಂಡು ಕೊಟ್ಟುಹೋದ.

ಪಂಪಣ್ಣ ಬ್ರಷ್ ಒರಗುವ ತಾಮ್ರದ ಉಂಗುರಗಳನ್ನು ಉಜ್ಜಿ ಹೊಳೆಸಿದ. ಬೇರಿಂಗ್ ಕೂಡಿಸಿ, ಹೊಸ ಬ್ರಷ್ ಹಾಕಿ, ಎರಡು ಹೋಳನ್ನೂ ಸೇರಿಸಿದ. ಮೋಟರಿಗೆ ಬೆಲ್ಟು ಹಾಕಿ ತಿರುಗಿಸಿದಾಗ, ಮೇಜಿನ ಮೇಲಿನ ಮೀಟರಿನ ಮುಳ್ಳು ಥಟ್ಟನೆ ಎದ್ದು ನಿಂತಿತು. ಹದಿನೈದು ವರ್ಷ ಉಸ್ತಾದರಿಗೆ ಏಳದ ಮುಳ್ಳು! ಪಂಪಣ್ಣ ಒಬ್ಬನೇ ನಕ್ಕ. ಗಿರಣಿಯ ಮೋಟರುಗಳು ಸಾಲಾಗಿ ತನ್ನ ಬಾಗಿಲಿಗೆ ಬರುವುದು ಕಣ್ಣಿಗೆ ಕಟ್ಟಿತು.

ಆಗಲೇ ಆ ರಟ್ಟಿನ ಚೂರು ಮತ್ತೆ ಕಣ್ಣಿಗೆ ಬಿತ್ತು. ಇಲಿ ಕಡಿದದ್ದಲ್ಲ, ಕತ್ತರಿಯಿಂದ ಕತ್ತರಿಸಿದ್ದು. ನಾಲ್ಕೂ ಮೂಲೆ ಗುಂಡಗೆ. ಹಾಗೆ ಮೂಲೆ ತಿದ್ದುವ ಕೈ ಮಸ್ಕಿಯಲ್ಲಿ ಒಂದೇ ಇತ್ತು. "ಚೂಪು ಮೂಲಿ ಬಿಡಬ್ಯಾಡಲೇ, ತಂತಿ ಕೆರೀತದ" ಎಂದು ಅವನಿಗೂ ಕಲಿಸಿದ ಕೈ. ಬ್ರಷ್ ಉಂಗುರವನ್ನು ಮುಟ್ಟಬಾರದು, ಡೈನಮೋ ಎಂದೂ ಚಾರ್ಜ್ ಮಾಡಬಾರದು ಎಂದು ಉಸ್ತಾದರೇ ಅದನ್ನು ಒಳಗಿಟ್ಟಿದ್ದರು.

ಯಾಕೆ?

ಪಂಪಣ್ಣನಿಗೆ ಒಂದೊಂದೇ ನೆನಪಾಯಿತು. ಕಾರು ಬಂದದ್ದು ಹಗ್ಗದಲ್ಲಿ. ಅಂಗಡಿಯ ಮುಂದೆ ಗಾಡಿಯನ್ನು ಎರಡು ಮಾರು ಸರಿಸಬೇಕೆಂದರೂ ಉಸ್ತಾದರು ಡ್ರೈವರನ್ನೇ ಕೂಗುತ್ತಿದ್ದರು. "ನಾ ಬರೇ ಕರೆಂಟಿನ ಮನುಷ್ಯಾ" ಎಂದು ನಗುತ್ತಿದ್ದರು. ಉಸ್ತಾದರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ.

ಹೊರಗೆ ಕನಕಮ್ಮನಿಗೆ ಹೇಳುತ್ತಿದ್ದ ಜಮೀಲಾಬೀಯ ದನಿ ಕೇಳುತ್ತಿತ್ತು. "ಡೈನಮೋ ಒಂದ ಸರಿ ಇದ್ದಿದ್ರ, ನಮ್ಮವರು ನನ್ನ ಎಂದೋ ಒಯ್ತಿದ್ರು."

ಪಂಪಣ್ಣ ಆ ರಟ್ಟಿನ ಚೂರನ್ನು ಅಂಗೈಯಲ್ಲಿ ತಿರುವಿದ. ಕಾರು ಓಡಿದರೆ ಕನಕಮ್ಮ ಬಿಡುವವಳಲ್ಲ. ಉಸ್ತಾದರ ಕೈಲಿ ಆಗದ್ದು ಶಿಷ್ಯನ ಕೈಲಿ ಒಂದೇ ದಿನಕ್ಕೆ ಹೇಗಾಯಿತು, ಏನು ಕೆಟ್ಟಿತ್ತು ಎಂದು ಬಾಯಿ ಬಿಡಿಸುತ್ತಾಳೆ. ಆ ಹೆಣ್ಣುಮಗಳಿಗೆ ಉಳಿದಿರುವುದು ಗಂಡನ ಮಾತೊಂದೇ. ಅವನು ಡೈನಮೋವನ್ನು ಮತ್ತೆ ಬಿಚ್ಚಿದ. ರಟ್ಟನ್ನು ಒರೆಸಿ, ಇದ್ದ ಜಾಗದಲ್ಲೇ ಕೂಡಿಸಿದ.

ನಾಲ್ಕು ಗಂಟೆಗೆ ಡೈನಮೋ ಕಾರಿಗೆ ಮರಳಿತು, ಅಂಗಳದಲ್ಲಿ ಓಣಿಯೆಲ್ಲ ಸೇರಿತು. ಜಮೀಲಾಬೀ ಟ್ರಂಕಿನಿಂದ ಹಸಿರು ಸೀರೆ ತೆಗೆದು ಉಟ್ಟು, ಅಕ್ಕನಿಗೆಂದು ಬಿಸ್ಕೀಟಿನ ಪುಡಿಕೆ ಹಿಡಿದು ನಿಂತಿದ್ದರು. ಯಂಕೋಬ ಇಂಜಿನ್ ಚಾಲೂ ಮಾಡಿದ. ಎಲ್ಲರ ಕತ್ತೂ ಮೀಟರಿನ ಕಡೆ ಬಾಗಿತು. ಮುಳ್ಳು ಹದಿನೈದು ವರ್ಷದ ನಿದ್ದೆಯಿಂದ ಮಿಸುಕಲಿಲ್ಲ.

"ನನ್ನ ಕೈಲೆ ಆಗಲಿಲ್ರಮ್ಮಾ," ಎಂದ ಪಂಪಣ್ಣ.

"ಚಾರ್ಜ್ ಆಗದಿದ್ರ ಏನಾತಲೇ? ಬ್ಯಾಟರಿ ಮ್ಯಾಲೇ ಹೊಡ್ದುಬಿಡ್ತೀನಿ," ಎಂದ ಯಂಕೋಬ. ಹಾಗೆನ್ನುವಷ್ಟರಲ್ಲೇ ಆ ಹಳೆಯ ಬ್ಯಾಟರಿಯ ಜೀವ ಮುಗಿದು, ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು.

"ಗುರುವಿನ ಗತೀನೇ ಶಿಷ್ಯಂದು," ಎಂದಳು ಕನಕಮ್ಮ. ಅಮರಗುಂಡಪ್ಪ ಧೋತರ ಕೊಡವಿಕೊಂಡು ಸಿಂಧನೂರಿನ ಬಸ್ಸಿಗೆ ಕೈ ಮಾಡಿದ.

ಲಾರಿ ಐದೂವರೆಗೇ ಬಂತು. ಕಾರನ್ನು ಹತ್ತು ಜನ ನೂಕಿ ಹತ್ತಿಸಿದರು. ಲಾರಿ ಲಿಂಗಸುಗೂರಿನ ಹಾದಿ ಹಿಡಿಯಿತು. ಬಾಗಿಲಲ್ಲಿ ಕಾದು ಕುಳಿತ ಅಕ್ಕನ ಮುಂದೆ, ಎರಡೂ ಸೀಟು ಖಾಲಿ ಇದ್ದ ಕೆಂಪು ಕಾರು ಹಾದುಹೋಗುವುದಿತ್ತು.

ಓಣಿ ಖಾಲಿಯಾದ ಮೇಲೆ ಜಮೀಲಾಬೀ ಪಂಪಣ್ಣನನ್ನು ಕರೆದು ಚಹಾ ಕೊಟ್ಟರು. ಬೆಳಗಿನ ಮೊಟ್ಟೆಯನ್ನು ಕುದಿಸಿ, ಸುಲಿದು, ಉಪ್ಪು ಹಚ್ಚಿ ಮುಂದಿಟ್ಟರು. "ನಸುಕಿನಿಂದ ಉಪವಾಸ ಇದ್ದಿ," ಎಂದರು.

ಆಮೇಲೆ ಮೆಲ್ಲಗೆ ಕೇಳಿದರು. "ಒಳಗ ಒಂದು ರಟ್ಟಿತ್ತಲ್ಲ, ಸಿಗಲಿಲ್ಲೇನು?"

ಪಂಪಣ್ಣ ಚಹಾದ ಕಪ್ಪನ್ನು ಕೆಳಗಿಟ್ಟ. "ಯಾವ ರಟ್ಟಮ್ಮಾ?"

ಜಮೀಲಾಬೀ ಗೂಡಿನಿಂದ ಹಳೆಯ ರಟ್ಟಿನ ಬಳೆ ಡಬ್ಬಿ ತೆಗೆದರು. ಅದರ ಮುಚ್ಚಳದಲ್ಲಿ ಬೆರಳಗಲದ ಚೂರು ಕತ್ತರಿಸಿ ತೆಗೆದಿತ್ತು, ಮೂಲೆಗಳು ಗುಂಡಗಿದ್ದವು.

"ಗಟ್ಟಿ ರಟ್ಟು ಬೇಕು ಅಂದ್ರು, ಕೊಟ್ಟೆ. ಯಾಕ ಅಂತ ಕೇಳಲಿಲ್ಲ. ಗಾಡಿ ಹೊಡಿಲಿಕ್ಕೆ ಬರಂಗಿಲ್ಲ ಅಂತ ಹೇಳಾಕ ಅವರಿಗೆ ನಾಚಿಕಿ. ಇಷ್ಟು ವರ್ಷ ತಿಳಿಲಾರದಂಗ ಇದ್ದೆ. ಇವತ್ತರ ನಿನ್ನ ಕೈಗೆ ಸಿಗ್ತದ, ನೀ ಸುಮ್ಮನ ತಗದು ಒಗಿತೀ, ಒಮ್ಮೆ ಹೋಗಿ ಬರೋಣ ಅಂತ ಮಾಡಿದ್ದೆ." ಡಬ್ಬಿಯ ಮುಚ್ಚಳ ಹಾಕಿ ಕೇಳಿದರು, "ತಗದಿಲ್ಲೇನು?"

"ತಗದಿದ್ದೆ. ಮುಳ್ಳೂ ಎದ್ದಿತ್ತು," ಎಂದ ಪಂಪಣ್ಣ. "ಮತ್ತ ಅಲ್ಲೇ ಇಟ್ಟೆನಮ್ಮಾ."

ಜಮೀಲಾಬೀ ಹಸಿರು ಸೀರೆಯ ಸೆರಗನ್ನು ಮಡಿಲಲ್ಲಿ ಎರಡು ಸಲ ಮಡಿಸಿದರು, ಬಿಚ್ಚಿದರು. ಹೊರಗೆ ಕೋಳಿ ಬಂದು, ಕಾರು ನಿಂತಿದ್ದ ಎಣ್ಣೆ ಕಲೆಯ ಸುತ್ತ ತಿರುಗುತ್ತ ತನ್ನ ಸೀಟು ಹುಡುಕುತ್ತಿತ್ತು.

"ಅವರ ಶಿಷ್ಯನೇ ಹೌದು ನೀ," ಎಂದು ತಟ್ಟೆಯನ್ನು ಅವನತ್ತ ಸರಿಸಿದರು. "ತಿನ್ನು ಮಗಾ. ಆರ್ತದ."