ಹೋಳಿಗೆಗೊಂದು ಹಸಿರು ಗುಳಿಗೆ

ಜೀವಮಾನದಲ್ಲಿ ಒಂದು ಹನಿ ಸೆರೆ ಮುಟ್ಟದವನಿಗೆ ಲಿವರ್ ಕೆಟ್ಟರೆ ಮೊದಲು ಹೋಗುವುದು ಮರ್ಯಾದೆ. ಗದಗಿನಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವನು, ಲಿವರಿನಲ್ಲಿ ಕೊಬ್ಬು ಕೂತಿದೆಯಂತೆ ಎಂದು ಲಕ್ಷ್ಮೇಶ್ವರದ ನನ್ನ ಹೊಲಿಗೆ ಅಂಗಡಿಯಲ್ಲಿ ಬಾಯಿ ಬಿಟ್ಟೆ. ಪಕ್ಕದ ಬಳೆ ಅಂಗಡಿಯ ಮೌಲಾಸಾಬ ಕತ್ತು ಚಾಚಿ, "ಇಷ್ಟ ವರ್ಷ ಬಾಜೂಕ ಕುಂತೇನಿ, ಒಂದಿನಾನೂ ಖಬರ ಹತ್ತಲಿಲ್ಲ. ಭಾರಿ ಅದೀರಿ ಬಿಡ್ರಿ ಟೇಲರ!" ಎಂದ. ಕುಡಿಯದವರಿಗೂ ಇದು ಬರುತ್ತದೆ ಎಂದು ನಾನು ಹೇಳಿದಷ್ಟೂ ಅವನ ಅನುಮಾನ ಗಟ್ಟಿಯಾಯಿತು.

ಖರೆ ಕಾರಣ ನನಗೆ ಗೊತ್ತಿತ್ತು. ಹೋದ ವರ್ಷ ನನ್ನ ಹೆಂಡತಿ ಕಸ್ತೂರಿ ತೀರಿಕೊಂಡಳು. ಸಾವಾದ ಮನೆಯವರನ್ನು ಕರೆದು ಹೋಳಿಗೆ ತುಪ್ಪ ಉಣ್ಣಿಸಿ ದುಃಖ ಕಳೆಯುವುದು ನಮ್ಮ ಬಳಗದ ಪದ್ಧತಿ. ಒಬ್ಬರ ಮನೆಯಲ್ಲಿ ಉಂಡು ಇನ್ನೊಬ್ಬರನ್ನು ಬಿಡುವಂತಿಲ್ಲ. ಕಸ್ತೂರಿಯ ಬಳಗವೋ ಶಿಗ್ಲಿಯಿಂದ ಬೆಟಗೇರಿಯವರೆಗೆ ಹಬ್ಬಿದೆ. ಒಬ್ಬರಾದ ಮೇಲೆ ಒಬ್ಬರು ಕರೆದರು, ನಾನು ಉಂಡೆ. ಅವರ ದುಃಖ ಒಂದೊಂದು ಊಟಕ್ಕೆ ಕಳೆಯಿತು, ನನ್ನದು ನಡುವಿನ ಸುತ್ತ ಬಂದು ಕೂತಿತು. ಊರ ಮಂದಿಯ ನಡುವಿಗೆ ಟೇಪು ಹಿಡಿಯುವ ನಾನು ನನ್ನ ಪ್ಯಾಂಟನ್ನೇ ಎರಡು ಸಲ ಬಿಚ್ಚಿ ಹೊಲಿದೆ. ಬಿಚ್ಚಲು ಒಳಗೆ ಬಟ್ಟೆ ಉಳಿಯದಾದಾಗ ಡಾಕ್ಟರ ಹತ್ತಿರ ಹೋದೆ.

ಹೋಳಿಗೆಯ ಆಸೆಗೇ ಹೋಗುತ್ತಿದ್ದೆ ಎನ್ನಬೇಡಿ. ಬಡಿಸುವಾಗ ಯಾರಾದರೊಬ್ಬರು ಕಸ್ತೂರಿಯ ಸುದ್ದಿ ತೆಗೆಯುತ್ತಿದ್ದರು. "ಸಣ್ಣಾಕಿದ್ದಾಗ ಬಾವಿಗೆ ಜಿಗದು ಈಜತಿದ್ಲು ನೋಡ್ರಿ" ಎಂದರು ಶಿರಹಟ್ಟಿಯಲ್ಲಿ. ಅಷ್ಟು ವರ್ಷ ಜೊತೆಗಿದ್ದ ನನಗೆ ಅವಳಿಗೆ ಈಜು ಬರುತ್ತಿತ್ತೆಂದೇ ಗೊತ್ತಿರಲಿಲ್ಲ. ಮುಂದಿನ ಮಾತಿಗಾಗಿ ಇನ್ನೊಂದು ಹೋಳಿಗೆಗೆ ತಾಟು ಒಡ್ಡಿದೆ.

ಡಾಕ್ಟರು, "ಎಣ್ಣಿ, ಸಕ್ಕರಿ ಕಡಿಮಿ ಮಾಡ್ರಿ, ದಿನಾ ನಡೀರಿ. ತೂಕ ಇಳಿಯೋದ ದೊಡ್ಡ ಔಷಧ. ವಿಟಮಿನ್ ಇ ಗುಳಿಗಿ ಬರದೀನಿ, ದಿನಕ್ಕೊಂದು. ಕೆಲವರಿಗೆ ಉಪಯೋಗ ಆಗತೈತಿ, ಎಲ್ಲಾರಿಗೂ ಅಲ್ಲ" ಎಂದರು. ನನ್ನ ಕಿವಿಗೆ ಬಿದ್ದದ್ದು ಗುಳಿಗೆ ಒಂದೇ.

ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಪರಿಚಯದ ಹಸಿರು ಗುಳಿಗೆ! ಕಸ್ತೂರಿ ಇದನ್ನೇ ಪಿನ್ನಿನಿಂದ ಚುಚ್ಚಿ, ಒಳಗಿನ ಎಣ್ಣೆಯನ್ನು ಬಿರಿದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತಿದ್ದಳು. "ಕಾಲ ಚಾಚ್ರಿ, ನಿಮಗೂ ಹಚ್ಚತೀನಿ" ಎಂದರೆ, "ಹಿಮ್ಮಡಿಗೂ ಫ್ಯಾಷನ್ ಏನ?" ಎಂದು ನಗುತ್ತಿದ್ದೆ. ಕನ್ನಡಿಯ ಹಿಂದೆ ಅವಳ ಪಿನ್ನು ಇನ್ನೂ ಇತ್ತು.

ಮೂರು ತಿಂಗಳ ಮೇಲೆ ಡಾಕ್ಟರು ತೂಕ ನೋಡಿದರು. ಏರಿತ್ತು.

"ಗುಳಿಗಿ ತಗೊಂಡ್ರಿ?"

"ತಪ್ಪಿಲ್ರಿ. ಒಂದ ಹೋಳಿಗಿಗೆ ಒಂದು."

ಅವರು ಕನ್ನಡಕ ತೆಗೆದಿಟ್ಟರು. "ಇದೇನು ಪ್ರಾಯಶ್ಚಿತ್ತದ ಗುಳಿಗಿ ಅಂದ್ಕೊಂಡೀರೇನು? ಸಾಕು, ನಿಲ್ಲಸ್ರಿ. ಹಿಂಗ ಬಿಟ್ರ ನಾಳೆ ಲಿವರ್ ಗಟ್ಟಿಯಾಗಿ ಕೆಲಸ ನಿಲ್ಲಸತೈತಿ."

"ಹೊಸಾ ಔಷಧ ಏನಾರ ಬಂದಾವೇನ್ರಿ?"

"ಬಂದಾವ. ಹೋಳಿಗಿ ತಡ್ಯೂದು ಇನ್ನೂ ಬಂದಿಲ್ಲ."

ಉಳಿದದ್ದು ಹಿರೇವಡ್ಡಟ್ಟಿಯ ಕರೆ, ಕಸ್ತೂರಿಯ ತಂಗಿ ಗಿರಿಜಾಳ ಮನೆ. ಊಟ ಒಲ್ಲೆನೆಂದರೆ ಅವಳಿಗೆ ಬೇಸರ ಎಂಬುದು ಹೋಗಲಿ, ನನಗೆ ಕಸ್ತೂರಿಯ ಸುದ್ದಿ ಹೇಳುವವರು ಯಾರು? ದಾರಿಯುದ್ದಕ್ಕೂ ಇದೇ ಅಂಜಿಕೆ. ಆದರೂ ತಾಟಿನ ಮೇಲೆ ಕೈ ಅಡ್ಡ ಹಿಡಿದು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಗಿರಿಜಾ ತುಪ್ಪದ ಗಿಂಡಿ ಕೆಳಗಿಟ್ಟಳು.

"ಅಯ್ಯ ಮಾಮಾ, ಅಕ್ಕನ ಸುದ್ದಿ ಹೇಳಾಕ ತುಪ್ಪ ಯಾಕ ಬೇಕು? ಏಳ್ರಿ, ಹೊಲದ ಮಟಾ ನಡಕೋತ ಹೋಗೂಣು, ಹಾದ್ಯಾಗ ಹೇಳತೀನಿ."

ಅಂದಿನಿಂದ ದಿನಾ ಬೆಳಿಗ್ಗೆ ಅವಳ ಫೋನು ಬರುತ್ತದೆ. ನಾನು ಫೋನು ಕಿವಿಗಿಟ್ಟುಕೊಂಡು ಶಿಗ್ಲಿಯ ರಸ್ತೆ ಹಿಡಿಯುತ್ತೇನೆ. ಹೆಜ್ಜೆಯ ಸಪ್ಪಳ ನಿಂತರೆ, "ಕುಂತ್ರೀ? ನಾನೂ ಸುದ್ದಿ ನಿಲ್ಲಸ್ತೀನಿ ಹಂಗಾರ" ಎನ್ನುತ್ತಾಳೆ. ಅವಳು ಹೇಳುವ ಸುದ್ದಿಯಲ್ಲಿ ಕಸ್ತೂರಿ ಈಗ ಐದನೆಯ ಇಯತ್ತೆಯಲ್ಲಿದ್ದಾಳೆ, ಮದುವೆ ಇನ್ನೂ ದೂರ. ಹಾಗಾಗಿ ನಡೆಯುವುದು ಬಹಳವಿದೆ.

ಪ್ಯಾಂಟನ್ನು ಒಂದು ಸಲ ಒಳಗೆ ಹಿಡಿದು ಹೊಲಿದಿದ್ದೇನೆ. ಲಿವರಿನ ಮಾತನ್ನು ಮುಂದಿನ ಸ್ಕ್ಯಾನಿಂಗ್ ಹೇಳಬೇಕು. ನಡೆದು ನಡೆದು ಹಿಮ್ಮಡಿ ಬಿರಿದವು. ನಿನ್ನೆ ಸಂಜೆ ಉಳಿದ ಗುಳಿಗೆಯೊಂದನ್ನು ಅವಳ ಪಿನ್ನಿನಿಂದಲೇ ಚುಚ್ಚಿ ಹಚ್ಚಿಕೊಂಡೆ. ಕೂಡಲೇ ಉರಿ ತಣ್ಣಗಾಯಿತು. ಹಿಮ್ಮಡಿಗೂ ಫ್ಯಾಷನ್ ಏನ ಎಂದು ನಗಲು ಮನೆಯಲ್ಲಿ ಯಾರೂ ಇರಲಿಲ್ಲ. ಆ ಕೆಲಸ ಮೊದಲಿನಿಂದಲೂ ನನ್ನದೇ ಆಗಿತ್ತಲ್ಲ, ನಾನೇ ನಕ್ಕೆ.